ಲೇಟ್ ಎಂಬ ಪದದ ಜಾತಿ

ಆ ಬುಧವಾರ ಸಂಜೆ ಅಪ್ಪ ಕೆಲಸದಿಂದ ಬಂದು ಸೀಮೆಎಣ್ಣೆಯ ಬಟ್ಟೆಯಲ್ಲಿ ಬೆರಳಿನ ಮಸಿ ಒರೆಸಿಕೊಳ್ಳುತ್ತಿದ್ದರು. ಚಾಮರಾಜಪೇಟೆಯ ಸಣ್ಣ ಪ್ರೆಸ್ಸೊಂದರಲ್ಲಿ ಅವರದು ಅಚ್ಚುಮೊಳೆ ಜೋಡಿಸುವ ಕೆಲಸ. ಇಂಗ್ಲಿಷ್ ಅರ್ಥವಾಗುತ್ತಿದ್ದುದು ಅಷ್ಟಕ್ಕಷ್ಟೆ. ಆದರೆ ಅಚ್ಚಿಗೆ ಬೇಕಾದಂತೆ ತಿರುವುಮುರುವಾಗಿ, ಒಂದಕ್ಷರ ತಪ್ಪದೆ ಜೋಡಿಸುತ್ತಿದ್ದರು. ಜೋಡಿಸಿದ ಪದವನ್ನು ಮನೆಗೆ ತಂದು, ಹತ್ತನೇ ತರಗತಿಯಲ್ಲಿದ್ದ ನನ್ನನ್ನು ಕೇಳುತ್ತಿದ್ದರು.

"ಲೇಟ್ ಅನ್ನೋದು ಯಾವ ಜಾತಿ ಪದ ಕಣಮ್ಮ?"

"ಅಡ್ವರ್ಬ್. ಟ್ಯೂಷನ್ ಮೇಷ್ಟ್ರು ಬರೆಸಿದಾರೆ. ಯಾವಾಗ ಬಂದ? ಲೇಟಾಗಿ ಬಂದ."

"ಇವತ್ತು ಲಗ್ನಪತ್ರಿಕೇಲಿ ಹುಡುಗನ ತಂದೆ ಹೆಸರಿಗೆ ಮೊದಲು ಕೂರ್ಸಿದೀನಿ. ಆಯಪ್ಪ ಲೇಟಾಗಿ ಬರಲ್ಲಮ್ಮ, ಬರೋದೇ ಇಲ್ಲ." ಅಪ್ಪ ನಕ್ಕರು. "ಹೆಸರಿಗೆ ಅಂಟ್ಕೊಂಡಿದೆ ಅಂದ್ಮೇಲೆ ನಾಮವಿಶೇಷಣ ಇರ್ಬೇಕು. ಕೇಳ್ಕೊಂಡು ಬಾ."

"ಅವ್ರು ಬಿ.ಎ. ನಿಮಗೇನಪ್ಪ ಗೊತ್ತು?"

ಮರುದಿನ ಮಧ್ಯಾಹ್ನ ಮೊಳೆಗಳ ಮುಂದೆ ನಿಂತಲ್ಲೇ ಅಪ್ಪ ಕುಸಿದರು. ಮನೆಗೆ ತಂದದ್ದು ಹೆಣವನ್ನು.

ವೈಕುಂಠ ಸಮಾರಾಧನೆ ಮುಗಿಸಿ ಟ್ಯೂಷನ್ನಿಗೆ ಹೋದೆ. ಆ ಮೇಷ್ಟ್ರ ಬಂಡವಾಳ ಒಂದು ಓಬಿರಾಯನ ಕಾಲದ ನೋಟ್ಸು, ಗೋಡೆಯ ಮೇಲೊಂದು ಡಿಗ್ರಿ ಫೋಟೋ. ಅವರ ಮೇಷ್ಟ್ರು ಬರೆಸಿದ್ದನ್ನು ತಪ್ಪುಗಳ ಸಮೇತ ನಮಗೆ ಬರೆಸುತ್ತಿದ್ದರು. ಅವರ ಜಗಲಿಯಲ್ಲಿ ಕನ್ನಡ ಆಡುವಂತಿರಲಿಲ್ಲ. ಇಷ್ಟು ದಿನ ಎಲ್ಲಿದ್ದೆ ಎಂದು ಕೇಳಿದಾಗ ಎದ್ದು ನಿಂತು ಹೇಳಿದೆ: "ಮೈ ಫಾದರ್ ಈಸ್ ಲೇಟ್, ಸರ್."

"ಯಾಕಂತೆ, ಮೆಜೆಸ್ಟಿಕ್‌ನಲ್ಲಿ ಬಸ್ ಸಿಗ್ಲಿಲ್ವಂತಾ?"

ಎಲ್ಲರೂ ನಕ್ಕರು. ನಕ್ಕಿದ್ದಕ್ಕೆ ಮೇಷ್ಟ್ರು ಹಿಗ್ಗಿದರು. ಪಕ್ಕದ ಹುಡುಗಿ ಮೆಲ್ಲಗೆ, "ಸರ್, ಅವ್ರಪ್ಪ ತೀರ್ಕೊಂಡ್ರು" ಎಂದಳು.

ಅವರು ನಶ್ಯದ ಕರ್ಚೀಫಿನಲ್ಲಿ ಮೂಗು ಒರೆಸಿಕೊಂಡರು. "ಹಾಗಂತ ಕನ್ನಡದಲ್ಲಿ ಹೇಳ್ಬಾರ್ದಾ? ಕೂತ್ಕೋ."

ನಾನು ಕೂರಲಿಲ್ಲ. "ಸರ್, ಹೆಸರಿಗೆ ಮೊದಲು ಬಂದ್ರೆ ಲೇಟ್ ಅಡ್ಜೆಕ್ಟಿವಾ?"

"ಯಾರು ಹೇಳಿದ್ದು?"

"ನಮ್ಮಪ್ಪ."

"ಏನ್ ಓದಿದ್ರು?"

"ನಾಲ್ಕನೇ ಕ್ಲಾಸು."

"ಲೇಟ್ ಯಾವತ್ತಿದ್ರೂ ಅಡ್ವರ್ಬ್. ಬರ್ಕೋ."

ಬರೆದುಕೊಂಡೆ. ಪರೀಕ್ಷೆಯಲ್ಲೂ ಹಾಗೇ ಬರೆದೆ. ಅದಕ್ಕಾಗಿ ನನ್ನ ಮೇಲೆ ನನಗಿರುವ ತಾತ್ಸಾರವೂ ಸಣ್ಣದಲ್ಲ.

ಕಾಲೇಜಿನ ಲೈಬ್ರರಿಯಲ್ಲಿ ಮೊದಲ ಸಲ ದೊಡ್ಡ ನಿಘಂಟು ಸಿಕ್ಕಾಗ ನೋಡಿದ್ದು ಆ ಒಂದೇ ಪದ. ಹೆಸರಿಗೆ ಮೊದಲು ಬಂದರೆ ಅಡ್ಜೆಕ್ಟಿವ್. ಬಸ್ಸು ತಪ್ಪಿಸಿಕೊಂಡವನು 'ಈಸ್ ಲೇಟ್' ಆದರೂ ಅಡ್ಜೆಕ್ಟಿವ್. ಅಂದರೆ ಆ ಮೇಷ್ಟ್ರಿಗೆ ತಾವು ಮಾಡಿದ ಕುಚೋದ್ಯದ ವ್ಯಾಕರಣವೂ ಗೊತ್ತಿರಲಿಲ್ಲ. ಮಲ್ಲೇಶ್ವರದಿಂದಲೂ ಮಕ್ಕಳು ಬಂದು ಅವರ ಕಾಲಿಗೆ ಬೀಳುತ್ತಿದ್ದರು.

ನನ್ನ ಲಗ್ನಪತ್ರಿಕೆ ಅಪ್ಪನ ಪ್ರೆಸ್ಸಿನಲ್ಲೇ ಅಚ್ಚಾಯಿತು. ಅಪ್ಪನ ಹೆಸರಿಗೆ ಮೊದಲು ಆ ಪದವನ್ನು ಅವರ ಜೊತೆಗಾರರು ಜೋಡಿಸಿದ್ದರು.

ಅಪ್ಪ ಹೇಳಿದ್ದೇ ಸರಿಯಾಗಿತ್ತು. ಅದನ್ನು ಹೇಳಲು ಅಪ್ಪ ಇಲ್ಲ.