ಔಷಧ ಎಂದು ಹೇಳಿದವನು ನಾನು

ಧಾರವಾಡ ಬಿಟ್ಟು ಪುಣೆಗೆ ಬಂದ ನಾನು, ಮಹಾಯುದ್ಧ ಮುಗಿಯುವ ಮೊದಲೇ, ದನಗಳ ರೋಗದ ಪ್ರಯೋಗಶಾಲೆಯೊಂದರಲ್ಲಿ ಸಹಾಯಕನಾಗಿ ಸೇರಿದೆ. ವಿಲಾಯತಿಯಿಂದ ತರಿಸಿದ ಆಕಳುಗಳು ಇಲ್ಲಿ ಉಣ್ಣಿ ಕಚ್ಚಿ, ಜ್ವರ ಬಂದು, ಕೆಂಪು ಉಚ್ಚೆ ಹೊಯ್ದು ಸಾಯುತ್ತಿದ್ದವು. ಉಣ್ಣಿಯಿಂದ ನೆತ್ತರಿಗೆ ಸೇರುವ ಒಂದು ಸೂಕ್ಷ್ಮಜೀವಿ ಅದಕ್ಕೆ ಕಾರಣ. ಆ ಜ್ವರದಿಂದ ಪಾರಾದ ಕರುವಿನ ನೆತ್ತರನ್ನು ತುಸುವೇ ಚುಚ್ಚಿದರೆ ಉಳಿದ ದನಗಳಿಗೆ ರೋಗ ತಟ್ಟದು ಎಂಬುದು ನಮ್ಮ ದೊಡ್ಡ ಡಾಕ್ಟರರ ಎಣಿಕೆ. ಎಣಿಕೆ ತಪ್ಪಲ್ಲ. ಅದನ್ನು ಮೊದಲು ಯಾರ ಆಕಳ ಮೇಲೆ ನೋಡಿದರು ಎಂಬುದು ನೆನಪಾದರೆ ಮಾತ್ರ ಇಂದಿಗೂ ಮೈ ಉರಿಯುತ್ತದೆ.

ಪುಣೆಯ ಸ್ವಾರಗೇಟದ ಆಚೆ ಬೆಳಗಾವಿ ಕಡೆಯ ಗೌಳಿ ಹೆಂಗಸೊಬ್ಬಳಿದ್ದಳು. ಗಂಡನಿಲ್ಲ. ಅರ್ಧ ವಿಲಾಯತಿ ತಳಿಯ ಒಂದೇ ಆಕಳು, ಅದೂ ಗಬ್ಬ. "ನಿಮ್ಮ ಭಾಷೆಯವಳು, ನೀನೇ ಒಪ್ಪಿಸು. ಪ್ರಯೋಗ ಅನ್ನಬೇಡ, ಔಷಧ ಅನ್ನು" ಎಂದು ಡಾಕ್ಟರರು ನನ್ನನ್ನು ಕಳಿಸಿದರು.

"ಗಬ್ಬದ ದನಕ್ಕ ಏನೂ ಆಗಂಗಿಲ್ಲ ಹೌದಿಲ್ಲೋ ತಮ್ಮಾ?" ಎಂದು ಅವಳು ಕೇಳಿದಳು.

"ಏನೂ ಆಗಂಗಿಲ್ರೀ ಅಕ್ಕಾ. ಔಷಧ ಅದ."

"ನಮ್ಮ ಕಡಿಯಾಂವ ನೀ. ನೀ ಹೇಳಿದ ಮ್ಯಾಲ ಮುಗೀತು" ಎಂದು ತಾನೇ ಆಕಳ ಕೊಂಬು ಹಿಡಿದು ನಿಂತಳು.

ಸೂಜಿ ಚುಚ್ಚಿದ ಹತ್ತನೆಯ ದಿನ ಆಕಳು ಮೇವು ಬಿಟ್ಟಿತು. ಆಮೇಲೆ ಕಂದು ಹಾಕಿತು, ದಿನ ತುಂಬದ ಕರು ಸತ್ತೇ ಬಿತ್ತು. ಮರುದಿನ ಮಧ್ಯಾಹ್ನ ತಾನೂ ಸತ್ತಿತು. ಅದರ ನೆತ್ತರನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ನಾವು ಚುಚ್ಚಿದ ಜೀವಿಯೇ, ಕಿಕ್ಕಿರಿದಿತ್ತು. ಡಾಕ್ಟರರೂ ನೋಡಿದರು. ನೋಡಿ, ವರದಿಯಲ್ಲಿ 'ವಿಷದ ಮೇವು ತಿಂದು ಸಾವು' ಎಂದು ಬರೆದರು.

"ಇದು ಸುಳ್ಳು" ಎಂದೆ.

"ಒಬ್ಬ ಗೌಳಿಗಿತ್ತಿಯ ದನಕ್ಕಾಗಿ ನನ್ನ ಕೆಲಸವನ್ನೆಲ್ಲ ಹಾಳು ಮಾಡಿಕೊಳ್ಳಲೇ?"

ಅವರೆದುರೇ ಆ ಸಾಲು ಹೊಡೆದುಹಾಕಿ, ಕಂಡದ್ದನ್ನು ಬರೆದು ಸಹಿ ಮಾಡಿದೆ. ಮರುದಿನದಿಂದ ನನ್ನನ್ನು ಮೊಲದ ಪಂಜರ ತೊಳೆಯಲು ಹಾಕಿದರು.

ವರದಿ ತಿದ್ದಿದ ಸಂಜೆಯೇ ಆ ಗೌಳಿ ಹೆಂಗಸಿನ ಬಳಿ ಹೋಗಿ ಎಲ್ಲ ಹೇಳಿದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ.

"ಖರೇ ಹೇಳಿದ್ರ ನಾ ಬ್ಯಾಡ ಅಂತಿದ್ದೆ. ಅದು ನಿನಗ ಗೊತ್ತಿತ್ತು. ಅದಕ್ಕಽ ಹೇಳಲಿಲ್ಲ. ಇನ್ನ ಇಲ್ಲಿಗೆ ಬರಬ್ಯಾಡ."

ಮುಂದೆ ಚುಚ್ಚುವ ನೆತ್ತರಿನ ಪ್ರಮಾಣ ಇಳಿಸಿದರು. ಗಬ್ಬದ ದನಕ್ಕೆ ಕೊಡಬಾರದೆಂಬ ನಿಯಮವೂ ಬಂತು; ನಾನು ಬರೆದ ಆ ಸಾಲಿನಿಂದಲೇ ಬಂತು. ವಿಲಾಯತಿ ಆಕಳುಗಳು ಬದುಕಿದವು. ಡಾಕ್ಟರರಿಗೆ ಹಾರ ಹಾಕಿದ ಸಭೆಯಲ್ಲಿ ನಾನು ಹಿಂದೆ ನಿಂತಿದ್ದೆ. ತಮ್ಮ ಭಾಷಣದಲ್ಲಿ ಅವರು ಅವಳ ಆಕಳನ್ನು 'ಆರಂಭದ ಒಂದು ಸಣ್ಣ ನಷ್ಟ' ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮುಂದೆ ಬಂದು ಕೂಗಬೇಕಿತ್ತು. ಕೂಗಲಿಲ್ಲ. ಅವರ ಮೇಲಿನ ಸಿಟ್ಟು ವಯಸ್ಸಾದಂತೆ ಸ್ವಲ್ಪ ಇಳಿದಿದೆ, ನನ್ನ ಮೇಲಿನದು ಇಳಿದಿಲ್ಲ.