ಬೇಲಿಯ ಮೇಲಿನ ಹಳದಿ ಅಂಗಿಗಳು

ಒಂದನೇ ತರಗತಿಯ ಮಗು ಲಾರಿಯ ಮೂತಿಗೆ ತಾಗಿಕೊಂಡು ರಸ್ತೆ ದಾಟಿದರೆ ಮೇಲೆ ಕೂತ ಡ್ರೈವರನಿಗೆ ಅದು ಕಾಣುವುದಿಲ್ಲ. ಕಣ್ಣು ಎಷ್ಟೇ ಚುರುಕಾಗಿರಲಿ, ಕಾಣುವುದಿಲ್ಲ. ಇದು ನಿಮಗೆ ಗೊತ್ತಿರಬೇಕಿತ್ತು. ಗೊತ್ತಿದ್ದೂ ಶಾಲೆಯ ಮುಂದೆ ವೇಗ ಇಳಿಸದ ದೊಡ್ಡ ಮನುಷ್ಯರಿಗಾಗಿ ಒಬ್ಬ ಹೆಂಗಸಿನ ಕಥೆ ಹೇಳಬೇಕಾಗಿದೆ.

ಬೀದಿಗೆಲ್ಲ ಅವಳು ಟೈಲರಜ್ಜಿ. ಒಂದು ಬಾಗಿಲಿನಷ್ಟು ಅಗಲದ ಅಂಗಡಿ. ಹೊಲಿಗೆ ಯಂತ್ರ ಹೊಸ್ತಿಲಿಗೇ ಅಂಟಿಕೊಂಡಿತ್ತು, ಬೆಳಕು ಅಲ್ಲಿಗಷ್ಟೇ ಬರುತ್ತಿತ್ತು. ಹಿಂದೊಂದು ಪರದೆ, ಪರದೆಯ ಹಿಂದೆ ಮನೆ. ಆ ಮನೆಯಲ್ಲಿ ಅವಳು, ಬೆಳಕು ಹರಿಯುವ ಮೊದಲೇ ಆಸ್ಪತ್ರೆಯ ಕೆಲಸಕ್ಕೆ ಓಡುವ ಮಗಳು, ಮತ್ತು ಗುಬ್ಬಿ ಎಂದು ಕರೆಸಿಕೊಳ್ಳುವ ಮೊಮ್ಮಗಳು. ಅಂಗಡಿಯ ಮುಂದೆ ತಂತಿ ಬೇಲಿ, ಬೇಲಿಯಾಚೆ ರಸ್ತೆ, ರಸ್ತೆಯಾಚೆ ಶಾಲೆಯ ಗೇಟು. ಯಂತ್ರ ತುಳಿಯುತ್ತಲೇ ಅವಳು ಶಾಲೆಯ ಅಂಗಳವನ್ನು ನೋಡಬಹುದಿತ್ತು.

ಆ ಅಂಗಳದಲ್ಲಿ ಓಡುವ ಹಳದಿ ಸಮವಸ್ತ್ರವೆಲ್ಲ ಅವಳ ಕೈಯಿಂದಲೇ ಹೋದದ್ದು. ಅವಳದೊಂದು ಪದ್ಧತಿ: ಅಂಗಿಯ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆಯನ್ನು ಒಳಗೆ ಮಡಿಸಿಯೇ ಹೊಲಿಯುವುದು. ಮಗು ಉದ್ದವಾದರೆ ಹೊಲಿಗೆ ಬಿಚ್ಚಿ ಇಳಿಸಿದರಾಯಿತು. ತಾಯಂದಿರು ಕೇಳಿ ಮಾಡಿಸಿದ್ದಲ್ಲ, ಅದು ಅವಳೇ ಇಟ್ಟುಕೊಂಡ ನಂಬಿಕೆ. ಈ ಮಗು ಬರುವ ವರ್ಷ ಇನ್ನಷ್ಟು ಎತ್ತರವಾಗಿ ಇದೇ ಹೊಸ್ತಿಲಿಗೆ ಬರುತ್ತದೆ ಅಂತ.

ಆ ನಂಬಿಕೆ ಅಲುಗಾಡಿದ್ದು ರಸ್ತೆ ಚೆನ್ನಾದ ಮೇಲೆ. ಗುಂಡಿಗಳಿದ್ದಷ್ಟು ಕಾಲ ಗುಂಡಿಗಳೇ ಮಕ್ಕಳನ್ನು ಕಾಯುತ್ತಿದ್ದವು. ಹೊಸ ಟಾರು ಬಿದ್ದದ್ದೇ ತಡ, ಎಲ್ಲರಿಗೂ ಎಲ್ಲಿಗೋ ತಡವಾಗತೊಡಗಿತು. ಒಂದು ಸಂಜೆ ಗುಬ್ಬಿ ಶಾಲೆಯಿಂದ ದಾಟಿ ಬರುವಾಗ ಬೈಕೊಂದರ ಹ್ಯಾಂಡಲ್ಲು ಅವಳ ಬ್ಯಾಗಿನ ಪಟ್ಟಿಗೆ ಸಿಕ್ಕಿತು. ಪಟ್ಟಿ ಹರಿಯಿತು, ಬ್ಯಾಗನ್ನು ಬೈಕು ತಿರುವಿನವರೆಗೂ ಎಳೆದುಕೊಂಡು ಹೋಯಿತು. ಮಗು ನಿಂತಲ್ಲೇ ನಿಂತಿತ್ತು. ಒಂದು ಗೀರೂ ಇರಲಿಲ್ಲ. ಅಜ್ಜಿ ದಪ್ಪ ದಾರ ಹಾಕಿ ಪಟ್ಟಿ ಹೊಲಿದುಕೊಟ್ಟಳು. ಆದರೆ ಮಗುವಿನೊಳಗೆ ಹರಿದದ್ದಕ್ಕೆ ಸೂಜಿ ಎಲ್ಲಿ ಹಾಕುವುದು? ಅಂದಿನಿಂದ ಗುಬ್ಬಿ ರಸ್ತೆಯಂಚಿಗೆ ಬಂದರೆ ಕಲ್ಲಾಗುತ್ತಿದ್ದಳು. ಕೈ ಹಿಡಿದರೂ ಹೆಜ್ಜೆ ಎತ್ತುತ್ತಿರಲಿಲ್ಲ. ಮಂಡಿನೋವಿನ ಅಜ್ಜಿ ಎರಡನೇ ತರಗತಿಯ ಹುಡುಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ದಾಟಿಸಬೇಕಾಯಿತು. ಉಳಿದ ಮಕ್ಕಳು ನಗುತ್ತಿದ್ದರು. ಗುಬ್ಬಿ ಅಜ್ಜಿಯ ಹೆಗಲಲ್ಲಿ ಮುಖ ಹುದುಗಿಸುತ್ತಿದ್ದಳು.

ಅಜ್ಜಿ ರಸ್ತೆ ಕಚೇರಿಗೆ ಹೋಗಿ ಗೇಟಿನ ಮುಂದೊಂದು ಹಂಪು ಹಾಕಿಸಿಕೊಡಿ ಎಂದು ಕೇಳಿದಳು. ಇಂಜಿನಿಯರ್ ಕೆಟ್ಟವನೇನಲ್ಲ, ಕುರ್ಚಿಯನ್ನೂ ಕೊಟ್ಟ. ಅಲ್ಲಿ ಅಪಘಾತ ಆಗಿದೆಯಾ ಎಂದು ವಿಚಾರಿಸಿದ. ಇನ್ನೂ ಆಗಿಲ್ಲ ಅಂದಳು. ಆಗಿರುವ ಜಾಗಗಳಿಗೇ ಮೊದಲ ಸರದಿ, ನಿಯಮ ಹಾಗಿದೆ ಎಂದು ಅವನು ವಿವರಿಸಿದ.

"ಹಂಗಾದ್ರೆ ಯಾವ ಮಗೂನ ಕಳಿಸ್ಲಿ, ನೀವೇ ಹೇಳಿ ಸ್ವಾಮಿ" ಅಂದಳು ಟೈಲರಜ್ಜಿ.

ಅವನು ಪೆನ್ನಿನ ಮುಚ್ಚಳ ಹಾಕಿದ.

ಆ ವರ್ಷದ ಬೇಸಿಗೆ ರಜೆಯಲ್ಲಿ ಅವಳೊಂದು ದೊಡ್ಡ ತಪ್ಪು ಮಾಡಿದಳು. ವರ್ಷಾ ವರ್ಷ ಮಾಡುವಂತೆ, ಯಾರನ್ನೂ ಕೇಳದೆ, ಹಳದಿ ಬಟ್ಟೆಯ ಥಾನು ತಂದು, ಕತ್ತರಿಸಿ, ಅಂಗಿಗಳನ್ನು ಹೊಲಿದು ಪೇರಿಸಿಟ್ಟಳು. ಶಾಲೆ ತೆರೆದಾಗ ಸಮವಸ್ತ್ರ ಬೂದಿ ಬಣ್ಣಕ್ಕೆ ತಿರುಗಿತ್ತು. ಕೊಳೆ ಕಾಣುವುದಿಲ್ಲವಂತೆ. ಕೊಳೆ ಮಾತ್ರವಲ್ಲ, ಟಾರು ರಸ್ತೆಯ ಮೇಲೆ ಮಕ್ಕಳೂ ಕಾಣುವುದಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಒಂದು ಟ್ರಂಕಿನ ತುಂಬ ಹಳದಿ ಅಂಗಿ ಉಳಿಯಿತು. ಪಕ್ಕದ ಪಂಕ್ಚರ್ ಅಂಗಡಿಯವನು ಬಿಟ್ಟಾನೆಯೇ? "ಅಂಗಿ ಏನೋ ಹೊಲಿದೆ ಅಜ್ಜಿ, ಅದರೊಳಗೆ ತುಂಬೋಕೆ ಮಕ್ಕಳನ್ನ ಎಲ್ಲಿಂದ ತರ್ತೀಯ?" ಎಂದು ಕಾಲೆಳೆದ. ಬಾಯಿ ಮುಚ್ಚಿಕೊಂಡು ನಿನ್ನ ಟ್ಯೂಬಿಗೆ ಗಾಳಿ ತುಂಬು ಅಂದಳು ಅಜ್ಜಿ.

ಮಳೆ ಬಂದು ಟ್ರಂಕು ಮುಗ್ಗಲು ಹಿಡಿಯಿತು. ಬಿಸಿಲು ಬಿದ್ದ ಮೊದಲ ಬೆಳಿಗ್ಗೆ ಅವಳು ಅಂಗಿಗಳನ್ನೆಲ್ಲ ತಂತಿ ಬೇಲಿಯ ಉದ್ದಕ್ಕೂ ಒಣಹಾಕಿದಳು. ಮತ್ತೆ ಬಂದು ಯಂತ್ರದ ಮುಂದೆ ಕೂತಳು, ಅಷ್ಟೆ.

ಗಾಳಿ ಎದ್ದಿತು. ಅಂಗಿಗಳು ತುಂಬಿಕೊಂಡವು. ಎದೆ ಉಬ್ಬಿತು, ತೋಳುಗಳು ಎದ್ದವು. ರಸ್ತೆಯಂಚಿನಲ್ಲಿ ತಲೆಯಿಲ್ಲದ, ಕಾಲಿಲ್ಲದ ಮಕ್ಕಳು ಸಾಲಾಗಿ ನಿಂತು ಈಗಲೋ ಇನ್ನೊಂದು ಗಳಿಗೆಗೋ ದಾಟಲು ತಯಾರಾದಂತಿತ್ತು. ದೂರದಿಂದ ಅಬ್ಬರಿಸಿಕೊಂಡು ಬಂದ ಮರಳಿನ ಲಾರಿ ಮುಲುಗುತ್ತ ನಿಧಾನವಾಯಿತು, ನಿಂತೇಬಿಟ್ಟಿತು. ಡ್ರೈವರ್ ಇಳಿದು ಬಂದ.

"ಏನಜ್ಜಿ ಇದು, ಜೀವ ಬಾಯಿಗೆ ಬಂತು. ಮಕ್ಕಳು ನಿಂತಿದಾವೆ ಅಂದ್ಕೊಂಡೆ."

"ದಿನಾ ನಿಂತಿರ್ತಾವಲ್ಲಪ್ಪ" ಅಂದಳು ಅಜ್ಜಿ.

ಅವನು ಬೇಲಿಯನ್ನೊಮ್ಮೆ, ಗೇಟನ್ನೊಮ್ಮೆ ನೋಡಿದ. ಲಾರಿ ಹತ್ತಿ ಹೋದ. ಲಾರಿ ತಿರುವು ದಾಟುವವರೆಗೂ ನಡೆಯುವವರ ವೇಗದಲ್ಲೇ ಹೋಯಿತು.

ಅವನ ಹಿಂದೆ ಬಂದ ಬಸ್ಸು, ಕಾರು, ಸದಾ ಹಾರ್ನಿನ ಮೇಲೆ ಕೈಯಿಟ್ಟವರು ಕೂಡ ಆ ಬೇಲಿಯ ಹತ್ತಿರ ಬಂದಾಗ ವೇಗ ತಗ್ಗಿಸಿದರು. ರಸ್ತೆ ಮೆತ್ತಗಾಯಿತು. ಆಗ ಟೈಲರಜ್ಜಿಯ ಕಾಲು ತಾನಾಗಿ ನಿಂತಿತು. ರಸ್ತೆಯಾಚೆಯಿಂದ ಏನೋ ಕೇಳಿಸುತ್ತಿತ್ತು. ಮಕ್ಕಳು ರಾಗವಾಗಿ ಮಗ್ಗಿ ಒಪ್ಪಿಸುತ್ತಿದ್ದರು. ಹೊಸ ಟಾರು ಬಿದ್ದ ಮೇಲೆ ಅವಳ ಕಿವಿಗೆ ಅದು ಬಿದ್ದದ್ದೇ ಅಂದು. ಪಂಕ್ಚರ್ ಅಂಗಡಿಯವನು ಪಂಪು ಹಿಡಿದುಕೊಂಡೇ ನಿಂತುಬಿಟ್ಟಿದ್ದ. ಖಾಲಿ ಬಟ್ಟೆಗೆ ಕಬ್ಬಿಣ ತಲೆಬಾಗುತ್ತಿತ್ತು.

ಅಂಗಿಗಳು ದಿನವೂ ಬೇಲಿ ಏರಿದವು. ಯಾರೋ ದೂರು ಕೊಟ್ಟರು. ಮಕ್ಕಳು ಸಾಯಬಹುದೆಂಬುದಕ್ಕೆ ಬಾರದ ಜೀಪು ಅಂಗಿ ಒಣಗುತ್ತಿದೆ ಎಂಬುದಕ್ಕೆ ಬಂತು. ಇಳಿದವನು ಅದೇ ಇಂಜಿನಿಯರ್. ಸರ್ಕಾರಿ ಬೇಲಿ, ವಾಹನದವರಿಗೆ ಗೊಂದಲ, ತೆಗೆಯಬೇಕು ಎಂದ.

"ತೆಗೀತೀನಿ" ಅಂದಳು ಅಜ್ಜಿ. "ಶಾಲೆ ಬಿಡೋ ತನಕ ನೀವು ಇಲ್ಲೇ ನಿಂತಿರಿ, ಅಷ್ಟೇ."

ಅವಳು ಒಂದೊಂದಾಗಿ ಅಂಗಿ ತೆಗೆದು ಮಡಿಸಿದಳು. ಬೇಲಿ ಬರಿದಾದಂತೆ ರಸ್ತೆಗೆ ಮೊದಲಿನ ಮದ ಏರಿತು. ಗಂಟೆ ಹೊಡೆಯಿತು. ಬೂದಿ ಬಣ್ಣದ ಮಕ್ಕಳು ಗೇಟಿನಿಂದ ಹೊಮ್ಮಿ ಟಾರಿನ ಬಣ್ಣದಲ್ಲಿ ಕರಗಿದರು. ಗುಬ್ಬಿ ಆಚೆ ದಡದಲ್ಲಿ ಕಲ್ಲಾಗಿ ನಿಂತಿದ್ದಳು. ಎತ್ತಿಕೊಳ್ಳಲು ಅಜ್ಜಿ ಮಂಡಿ ಹಿಡಿದುಕೊಂಡು ಹೊರಡುವಷ್ಟರಲ್ಲಿ ಒಂದು ಕಾರು ಮಕ್ಕಳ ಮೂಗಿನ ಮುಂದೆ ಸುಯ್ಯೆಂದು ಹೋಯಿತು.

ಇಂಜಿನಿಯರ್ ಅಜ್ಜಿಯ ಕೈಯಿಂದ ಒಂದು ಹಳದಿ ಅಂಗಿ ಕಿತ್ತುಕೊಂಡು ರಸ್ತೆಯ ನಡುವೆ ಹೋಗಿ, ಎರಡು ಕೈಯಲ್ಲಿ ಅದನ್ನು ಅಗಲಿಸಿ ಹಿಡಿದು ನಿಂತ. ಬಸ್ಸು ನಿಂತಿತು. ಅದರ ಹಿಂದೆ ಎಲ್ಲವೂ ನಿಂತವು. ಆ ಮೌನದಲ್ಲಿ ಗುಬ್ಬಿ ಆಚೆ ಈಚೆ ನೋಡಿದಳು, ಹೊಲಿದ ಪಟ್ಟಿಯನ್ನು ಬಿಗಿ ಹಿಡಿದಳು, ತನ್ನ ಕಾಲ ಮೇಲೆ ತಾನೇ ನಡೆದು ಬಂದಳು. ಅಜ್ಜಿ ಚಾಚಿದ ಕೈಯನ್ನು ಹಾಗೇ ಗಾಳಿಯಲ್ಲಿ ಬಿಟ್ಟಿದ್ದಳು. ಅದರ ಅಗತ್ಯ ಬೀಳಲಿಲ್ಲ.

ಈಗ ಅಲ್ಲಿ ಹಂಪು ಇದೆ, ಬಿಳಿ ಪಟ್ಟೆಗಳೂ ಇವೆ. ಅಂಗಿಗಳು ಮಾತ್ರ ಟ್ರಂಕಿಗೆ ಮರಳಿಲ್ಲ. ಬೇರೆ ಬೀದಿಗಳ ತಾಯಂದಿರು ಬಂದು, ನಮ್ಮ ಶಾಲೆಯ ಬೇಲಿಗೂ ಕೊಡಜ್ಜಿ ಎಂದು ಒಯ್ಯುತ್ತಾರೆ. ಬಟ್ಟೆ ಮುಗಿಯುತ್ತ ಬಂದಿದೆ. ನಿಮ್ಮ ಬೀದಿಯ ತನಕ ಬರಲಾರದು.

ಬರಬೇಕಾಗಿಯೂ ಇಲ್ಲ. ನಿಮ್ಮ ಶಾಲೆಯ ಮುಂದೆ ಹಂಪು ಇಲ್ಲದಿದ್ದರೆ ಹೋಗಿ ಕೇಳಿ. ಅಪಘಾತ ಆಗಿದೆಯಾ ಅಂದರೆ, ಯಾವ ಮಗುವನ್ನು ಕಳಿಸಲಿ ಎಂದು ಕೇಳಿ. ಹಂಪು ಬರುವವರೆಗೆ, ನಾಳೆ ಬೆಳಿಗ್ಗೆ ಆ ಗೇಟಿನ ಹತ್ತಿರ ಬಂದಾಗ, ಆಕ್ಸಿಲರೇಟರಿನಿಂದ ನಿಮ್ಮ ಬಲಗಾಲು ಎತ್ತಿ. ಖಾಲಿ ಅಂಗಿಗೆ ತೋರಿಸಿದ ಮರ್ಯಾದೆಯನ್ನು ತುಂಬಿದ ಅಂಗಿಗೂ ತೋರಿಸಿ.