ಎಲೆಯಿಲ್ಲದ ಹೂವನ್ನು ನೋಡಲು ಹಿರೇವಡ್ಡಟ್ಟಿಗೆ

ಎಪ್ಪತ್ತೆಂಟರ ಏಪ್ರಿಲ್‌ನಲ್ಲಿ ನಾನು ಗದಗದಿಂದ ಹಿರೇವಡ್ಡಟ್ಟಿಗೆ ಹೊರಟದ್ದು ಒಂದು ಸುಳ್ಳನ್ನು ಹಿಡಿಯಲು. ಅಣ್ಣನ ಮಗಳು ಶಾಂತಾಳನ್ನು ನೋಡಲು ಬೆಟಗೇರಿಗೆ ಬಂದಿದ್ದ ಹಿರೇವಡ್ಡಟ್ಟಿಯ ವರ ಬಸವರಾಜ, “ನಮ್ಮ ಗುಡ್ಡದಾಗ ಈಗ ಅಡವಿ ಉಳ್ಳಾಗಡ್ಡಿ ಹೂ ಬಿಟ್ಟೈತ್ರಿ. ಎಲಿ ಒಂದೂ ಇಲ್ಲ, ಒಣ ನೆಲದಾಗಿಂದ ಬರೇ ಹೂ!” ಅಂದಿದ್ದ. ಹುಡುಗಿ ಅಷ್ಟಕ್ಕೇ ಕರಗಿಹೋದಳು. ನನಗೆ ಮೈಯೆಲ್ಲ ಉರಿಯಿತು. ಹೂವಿನ ವಿಷಯದಲ್ಲೇ ಹೀಗೆ ಬೊಗಳೆ ಬಿಡುವವನು ಹೊಲಮನೆಯ ವಿಷಯದಲ್ಲಿ ಎಷ್ಟು ಬಿಟ್ಟಾನು? “ನೀನ ನೋಡಿ ಬಾರವಾ, ನೀ ಹೂಂ ಅಂದ್ರ ಆತು,” ಅಂದ ಅಣ್ಣ.

ಮುಂಡರಗಿಯವರೆಗೆ ಬಸ್ಸಿನಲ್ಲಿ ನಿಂತೇ ಹೋದೆ. ಅಲ್ಲಿ ಇಳಿದು, ಕಟ್ಟಿಕೊಂಡಿದ್ದ ರೊಟ್ಟಿ, ಶೇಂಗಾ ಚಟ್ನಿ ತಿಂದು ಬೇರೆ ಬಸ್ಸು ಹತ್ತಿದೆ. ಬೀಗರಾಗುವವರ ಮನೆಯಲ್ಲಿ ಉಂಡರೆ ಬಾಯಿ ಕಟ್ಟಿಹೋಗುತ್ತದೆ. ಹಿರೇವಡ್ಡಟ್ಟಿ ಮುಟ್ಟಿ ನೋಡಿದರೆ ಅವರ ಮನೆಯ ಗೋಡೆಗೆ ಹೊಸ ಸುಣ್ಣ ಬಳಿದಿತ್ತು. ಏನನ್ನು ಮುಚ್ಚಲೋ ಅಂದುಕೊಂಡೆ.

ಬಿಸಿಲು ಇಳಿದ ಮೇಲೆ ಬಸವರಾಜ ಮತ್ತು ಅವನ ಅಪ್ಪ ನನ್ನನ್ನು ಗುಡ್ಡಕ್ಕೆ ಕರೆದೊಯ್ದರು. ಕುರುಚಲು ಗಿಡಗಳ ನಡುವೆ, ಕಾದ ಕೆಂಪು ನೆಲದಲ್ಲಿ ಸೊಂಟದೆತ್ತರದ ಬೋಳು ದಂಟೊಂದು ನಿಂತಿತ್ತು. ಕೆಳಗಿನ ಹೂಗಳು ಬಾಡಿದ್ದವು, ತುದಿಯಲ್ಲಿ ಮೊಗ್ಗು. ನಡುವೆ ಮಾಸಲು ಬಿಳಿಯ ನಾಲ್ಕಾರು ಹೂ ತಲೆ ತಗ್ಗಿಸಿ ಅರಳಿದ್ದವು. ಎಲೆ ಮಾತ್ರ ಖರೆಯೇ ಇರಲಿಲ್ಲ.

“ಇದನ್ನ ಮುಂಜಾನಿ ಯಾರು ತಂದು ನೆಟ್ರಿ?” ಅಂದೆ.

“ನೆಟ್ಟಿಲ್ರಿ ಅಕ್ಕಾರ. ಹೂ ಮೊದಲ, ಮಳಿ ಬಿದ್ದಮ್ಯಾಲೆ ಎಲಿ. ಗಡ್ಡಿಗೆ ಕೈ ಹಚ್ಚಬ್ಯಾಡ್ರಿ, ತುರಿಸತೈತಿ,” ಅಂದ ಬಸವರಾಜ.

ಓಹೋ, ಕಳ್ಳತನ ಇಲ್ಲೇ ಇದೆ! ಚೂಪುಗಲ್ಲಿನಿಂದ ಬುಡ ಕೆದರಿದೆ. ಕೆಳಗೆ ಮುಷ್ಟಿಗಾತ್ರದ ಗಡ್ಡೆ, ಉಳ್ಳಾಗಡ್ಡಿಯಂತೆಯೇ ಪದರ ಪದರ, ಬೇರು ಗಟ್ಟಿಯಾಗಿ ನೆಲ ಹಿಡಿದಿತ್ತು. ಕಲ್ಲು ತಾಗಿ ರಸ ಒಸರಿತು. ಸ್ವಲ್ಪ ಹೊತ್ತಿಗೆ ಅಂಗೈ ತುರಿಸತೊಡಗಿತು. ನನಗೆ ನಾಚಿಕೆಯೇನೂ ಆಗಲಿಲ್ಲ. ಹೂವು ಖರೆ ಇದ್ದ ಮಾತ್ರಕ್ಕೆ ಹೊಲವೂ ಖರೆ ಆಗಬೇಕೆಂದಿಲ್ಲವಲ್ಲ.

ಇಳಿಯುವಾಗ ಗುಡ್ಡದ ಬುಡದಲ್ಲಿ ಕಪ್ಪು ಮಣ್ಣಿನ ಎರೆಹೊಲ ಕಂಡಿತು. ಯಾರದೆಂದು ಕೇಳಿದೆ. ಬಸವರಾಜನ ಅಪ್ಪ ಕೈ ಬೀಸಿ, “ಇದೆಲ್ಲಾ ನಮ್ಮದ ನೋಡ್ರಿ,” ಅಂದ.

“ಅಲ್ರಿ ಅಕ್ಕಾರ,” ಅಂದ ಬಸವರಾಜ. “ಮಂದೀದು. ನಾವು ಪಾಲಿಗೆ ಮಾಡತೀವಿ. ನಮ್ಮದು ಹಳ್ಳದ ಆಚೀಕ ಎರಡೆಕರೆ, ಬರೇ ಕಲ್ಲು.”

ಅಪ್ಪ ಮಗನನ್ನು ನುಂಗುವಂತೆ ನೋಡಿದ. ನಾನು ಅಲ್ಲೇ ನಿಂತುಬಿಟ್ಟೆ. ನನ್ನಪ್ಪನಿಗೂ ಲಕ್ಷ್ಮೇಶ್ವರದ ಹತ್ತಿರ ನನ್ನ ಗಂಡನ ಮನೆಯವರು ಹೀಗೇ ಕೈ ಬೀಸಿ ಒಂದು ಹೊಲ ತೋರಿಸಿದ್ದರು. ಅದು ಮಂದಿಯದೆಂದು ತಿಳಿದದ್ದು, ಮದುವೆಯಾಗಿ ನಾನು ಅದೇ ಹೊಲಕ್ಕೆ ಕೂಲಿಗೆ ಹೋದ ದಿನ.

ಕೊನೆಯ ಬಸ್ಸು ಹಿಡಿದು ಬೆಟಗೇರಿ ಮುಟ್ಟಿದೆ. ಶಾಂತಾ ಬಾಗಿಲ ಹಿಂದೆ ನಿಂತಿದ್ದಳು.

“ಹೊಲ ಹೆಂಗೈತಿ?” ಅಂದ ಅಣ್ಣ.

“ಎರಡೆಕರೆ. ಬರೇ ಕಲ್ಲು.”

“ಹಂಗಾರ ಬ್ಯಾಡ ಅಂತೀ?”

“ಹುಡುಗಿನ್ನ ಕೊಡು,” ಅಂದೆ.